ಹೆಂಚಿನ ಮೇಲಿನ ಪ್ರಾರ್ಥನೆ

ಎಲ್ಲ ಶುರುವಾದದ್ದು ಒಂದು ಹನಿ ನೀರಿನಿಂದ.

ಭಾನುವಾರ ಪಾದ್ರಿಗಳು ವಿನಯದ ಬಗ್ಗೆ ಪ್ರಸಂಗ ಮಾಡುತ್ತಿದ್ದರು. "ಬಳ್ಳಿಯಿಂದ ಕಳಚಿಕೊಂಡ ಕೊಂಬೆ, ನನ್ನ ಹಣ್ಣು ನಾನೇ ಬಿಡ್ತೀನಿ ಅಂತ ಹೊರಟರೆ ಏನಾಗುತ್ತೆ? ಒಲೆಗೆ ಸೌದೆಯಾಗುತ್ತೆ" ಎಂದು ಅವರು ಕೈಯೆತ್ತಿದ ಹೊತ್ತಿಗೆ ಸರಿಯಾಗಿ ಹೆಂಚಿನ ಸಂದಿಯಿಂದ ಒಂದು ಹನಿ ಜಾರಿ ಅವರ ಬೋಳುತಲೆಯ ನಟ್ಟನಡುವೆ ಟಪ್ಪೆಂದಿತು. ಹೊರಗೆ ಮಳೆ ಹಿಡಿದಿತ್ತು. ಅಲ್ಲಿಂದ ಮುಂದೆ ಪ್ರತಿ ವಾಕ್ಯಕ್ಕೂ ಮೇಲಿನವನೇ ಪೂರ್ಣವಿರಾಮ ಇಡುತ್ತಿದ್ದಾನೋ ಎನ್ನುವಂತೆ ಹನಿ ಬೀಳತೊಡಗಿ, ಪಾದ್ರಿಗಳು ಕರವಸ್ತ್ರವನ್ನು ತಲೆಯ ಮೇಲೆ ಹೊದ್ದುಕೊಂಡೇ ಆಶೀರ್ವಾದದವರೆಗೆ ಬರಬೇಕಾಯಿತು.

ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು, "ಹೆಂಚಿನ ಕೆಲಸದವನನ್ನ ಕರೆಸೋಣ" ಎಂದರು.

ಅಲ್ಲೇ ನಿಂತಿದ್ದ ದರ್ಜಿಗೆ ಯಾರೋ ಸೂಜಿ ಚುಚ್ಚಿದಂತಾಯಿತು. ಊರಿನಲ್ಲಿ ಹೆಂಚಿನ ಕೆಲಸದವನು ಎಂದರೆ ಒಬ್ಬನೇ. ಅವನು ದರ್ಜಿಯ ಹೆಂಡತಿಯ ತಮ್ಮ.

"ಎರಡು ಹೆಂಚು ಬದಲಾಯಿಸೋಕೆ ಅವನ್ಯಾಕೆ ಅಯ್ಯನವರೇ? ಮಳೆ ನಿಲ್ಲಲಿ, ನಾನೇ ಮಾಡ್ತೀನಿ."

"ನಿಮಗೆ ಬರುತ್ತಾ?"

"ಬರದೆ ಏನು? ತೇಪೆ ಹಾಕೋದು ತಾನೆ. ಬಟ್ಟೆಗೆ ಹಾಕಿದ್ರೂ ಒಂದೇ, ಮಾಡಿಗೆ ಹಾಕಿದ್ರೂ ಒಂದೇ."

ಈ 'ನಾನೇ ಮಾಡ್ತೀನಿ' ಎಂಬ ಮಾತು ದರ್ಜಿಯ ಬಾಯಲ್ಲಿ ಉಸಿರಿನಷ್ಟು ಸಲ ಬರುತ್ತಿದ್ದುದರಿಂದ ಬೀದಿಯವರು ಅವನಿಗೆ ಸ್ವಂತಪ್ಪ ಎಂದು ಹೆಸರಿಟ್ಟಿದ್ದರು. ತನ್ನ ಹಲ್ಲನ್ನು ತಾನೇ ಕಿತ್ತುಕೊಂಡವನು. ಕನ್ನಡಿ ಹಿಡಿದು ತನ್ನ ಕೂದಲನ್ನು ತಾನೇ ಕತ್ತರಿಸಿಕೊಂಡು, ಆಮೇಲೆ ಕೂದಲು ಬೆಳೆಯುವ ತನಕ ಟೋಪಿ ಹಾಕಿಕೊಂಡು ತಿರುಗಿದವನು. ದೇವರ ಮೇಲೆ ಭಕ್ತಿ ಇರಲಿಲ್ಲವೆಂದಲ್ಲ, ಬಹಳವೇ ಇತ್ತು. ಆದರೆ ಪ್ರಾರ್ಥನೆಯೆಂದರೆ ಅವನ ಪಾಲಿಗೆ, ತಾನು ಮಾಡಿ ಮುಗಿಸಿದ ಕೆಲಸಗಳನ್ನು ದೇವರ ಗಮನಕ್ಕೆ ತರುವುದು.

ಭಾಮೈದನ ಜೊತೆ ಮಾತು ನಿಂತದ್ದೂ ಈ ಗುಣದಿಂದಲೇ. ಹಿಂದಿನ ವರ್ಷ ದರ್ಜಿ ಜ್ವರದಲ್ಲಿ ಮಲಗಿದ್ದಾಗ ಭಾಮೈದ ತಾನಾಗಿ ಬಂದು, ಸೋರುತ್ತಿದ್ದ ಅಂಗಡಿಯ ಮಾಡನ್ನು ಸರಿಮಾಡಿದ್ದ. ಜ್ವರ ಬಿಟ್ಟು ಎದ್ದು ಕೂತ ದರ್ಜಿ ಒಂದು ಒಳ್ಳೆಯ ಮಾತು ಆಡುವ ಬದಲು, "ಯಾಕೆ, ನಾನೇನು ಸತ್ತುಹೋಗಿದ್ನಾ?" ಎಂದು ಕೇಳಿದ. ಭಾಮೈದ ಕುಡಿಯುತ್ತಿದ್ದ ಚಹಾದ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು ಎದ್ದುಹೋದವನು ಮತ್ತೆ ಹೊಸಿಲು ತುಳಿದಿರಲಿಲ್ಲ. ನಡುವೆ ಸಿಕ್ಕಿಬಿದ್ದ ಅಕ್ಕ, ಎರಡು ಬಟ್ಟೆಗಳ ನಡುವಿನ ಹೊಲಿಗೆಯಂತೆ, ಎರಡೂ ಕಡೆಯ ಎಳೆತವನ್ನು ತಡೆದುಕೊಂಡಿದ್ದಳು.

ಶನಿವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ತಟ್ಟೆಯಂತೆ ಬೆಳಗಿತು. ದರ್ಜಿ ಯಾರಿಗೂ ಹೇಳದೆ ಚರ್ಚಿನ ಹಿಂಬದಿಗೆ ಹೋಗಿ, ಅಲ್ಲಿದ್ದ ಏಣಿಯನ್ನು ಗೋಡೆಗೆ ಒರಗಿಸಿ, ಹೊಸ ಹೆಂಚನ್ನು ಕಂಕುಳಲ್ಲಿ ಇರುಕಿಕೊಂಡು ಮೇಲೆ ಹತ್ತಿದ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಅದನ್ನು ತೆಗೆದಿಡುವುದೆಂದರೆ ಅವನಿಗೆ ಅಂಗಿ ಬಿಚ್ಚಿದಷ್ಟೇ ಸಂಕೋಚ. ಹೆಂಚು ಬದಲಾಯಿಸುವುದು ಅಂದುಕೊಂಡದ್ದಕ್ಕಿಂತ ಸುಲಭವಾಗಿ ಮುಗಿಯಿತು. ಎದೆಯುಬ್ಬಿಸಿ ಒಮ್ಮೆ ಊರನ್ನೆಲ್ಲ ನೋಡಿದ. 'ನೋಡಿದೆಯಾ ಕರ್ತನೇ' ಎಂದುಕೊಂಡ.

ಅಷ್ಟರಲ್ಲಿ ಕೆಳಗೆ ಕೆಮ್ಮಿನ ಸದ್ದಾಯಿತು. ಬಂದವನು ಗಂಟೆಯಜ್ಜ. ಚರ್ಚಿನ ಗಂಟೆ ಹೊಡೆದೂ ಹೊಡೆದೂ ಅವನ ಕಿವಿ ಮಂದವಾಗಿತ್ತು, ವಯಸ್ಸಾಗಿ ಬೆನ್ನು ಬಾಗಿ ನೆಲ ಬಿಟ್ಟು ಬೇರೇನೂ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. "ಎಲ್ಲಿ ಬೇಕಂದ್ರಲ್ಲಿ ಬಿಟ್ಟು ಹೋಗ್ತಾರೆ" ಎಂದು ಗೊಣಗಿ, ಏಣಿಯನ್ನು ಹೆಗಲಿಗೇರಿಸಿಕೊಂಡು, ಉಗ್ರಾಣದೊಳಗಿಟ್ಟು ಬೀಗ ಹಾಕಿದ.

ದರ್ಜಿ ಕೂಗಬಹುದಿತ್ತು. ಬಾಯಿಯನ್ನೂ ತೆರೆದಿದ್ದ. ಆದರೆ ನಿನ್ನೆ ತಾನೆ ಇದೇ ಅಜ್ಜ, "ಏಣಿ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕೇನಪ್ಪಾ?" ಎಂದು ಕೇಳಿದಾಗ, "ನಾನೇನು ಮಗುವಾ?" ಎಂದು ನಕ್ಕಿದ್ದ. ಈಗ ಮಾಡಿನ ಮೇಲಿಂದ 'ಅಜ್ಜಾ, ಏಣಿ' ಎಂದು ಕರೆಯುವುದು ಹೇಗೆ? ತೆರೆದ ಬಾಯಿ ಮುಚ್ಚಿಕೊಂಡಿತು. ಅಜ್ಜ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಗಳ ಮನೆಗೆಂದು ಬಸ್ಸಿನ ದಾರಿ ಹಿಡಿದ. ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದರು ಎನ್ನುವುದು ಗಾದೆಯಲ್ಲಿ ಬೇರೆಯವರ ಕುತಂತ್ರ. ಇಲ್ಲಿ ಹತ್ತಿದವನೂ ತಾನೇ, ತೆಗೆಯುವಾಗ ನೋಡುತ್ತ ಕೂತವನೂ ತಾನೇ.

'ಇರಲಿ, ಇಳಿಯೋದು ಏನು ಮಹಾ' ಎಂದು ಅವನು ಟೇಪನ್ನು ಮಾಡಿನ ಅಂಚಿನಿಂದ ಕೆಳಗೆ ಬಿಟ್ಟ. ಟೇಪು ಮುಗಿದ ಮೇಲೂ ಗೋಡೆ ಬಹಳ ಉಳಿದಿತ್ತು. ಬಿದ್ದರೆ ಯಾವ ಮೂಳೆ ಮುರಿಯಬಹುದೆಂದು ಅವನು ದರ್ಜಿಯ ಕಣ್ಣಿನಿಂದಲೇ ಅಂದಾಜು ಮಾಡಿ, ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡ.

ಬಿಸಿಲು ಏರಿತು. ಹೆಂಚು ಕಾವಲಿಯಾಯಿತು. ಕೂರಲಾಗಲಿಲ್ಲ. ದಪ್ಪ ಬಟ್ಟೆಯ ಪ್ಯಾಂಟಿನ ಮಂಡಿಯ ಹತ್ತಿರ ತಾನೇ ಹಾಕಿಕೊಂಡಿದ್ದ ತೇಪೆಯ ದಯೆಯಿಂದ ಮಂಡಿಯೂರಿ ನಿಲ್ಲುವುದೊಂದು ಸಾಧ್ಯವಾಗಿತ್ತು. ಜಾರದಿರಲೆಂದು ಎರಡೂ ಕೈಗಳನ್ನು ಅಗಲಿಸಿದ. ಕೆಳಗೆ ನೋಡಿದರೆ ತಲೆ ತಿರುಗುತ್ತಿತ್ತು, ಅದಕ್ಕೆ ಮೇಲೆ ನೋಡಿದ.

ಇದೇ ಭಂಗಿಯಲ್ಲಿದ್ದಾಗ ಎದುರಿನ ಬೇಕರಿಯಮ್ಮ ಹಿಟ್ಟಿನ ಕೈ ಝಾಡಿಸಲು ತನ್ನ ಮಹಡಿಯ ಕಿಟಕಿಗೆ ಬಂದಳು.

"ಯಾರದು? ಸ್ವಂತಪ್ಪನವರಾ? ಅಲ್ಲೇನು ಮಾಡ್ತಿದೀರಿ?"

ಏಣಿ ಹೋಯಿತೆಂದು ಇವಳಿಗೆ ಹೇಳಿದರೆ ಸಂಜೆಯೊಳಗೆ ಪ್ರತಿ ಬ್ರೆಡ್ಡಿನ ಜೊತೆ ಆ ಸುದ್ದಿಯೂ ಮನೆಮನೆಗೆ ಹೋಗುತ್ತದೆ. ದರ್ಜಿ ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಹೇಳಿದ:

"ಪ್ರಾರ್ಥನೆ."

ಬೇಕರಿಯಮ್ಮನ ಕೈ ಗಾಳಿಯಲ್ಲೇ ನಿಂತಿತು. ಕಿಟಕಿ ಮೆಲ್ಲಗೆ ಮುಚ್ಚಿಕೊಂಡಿತು. ಗೆದ್ದೆ ಎಂದುಕೊಂಡ ದರ್ಜಿ. ಅವನು ಗೆದ್ದ ಸುದ್ದಿ ಅಷ್ಟರಲ್ಲಿ, ಒಲೆಯಿಂದ ಆಗ ತಾನೆ ತೆಗೆದ ಬನ್ನಿನಂತೆ ಹಬೆಯಾಡುತ್ತ ಬೀದಿಯ ಎರಡನೆಯ ತಿರುವು ದಾಟಿತ್ತು.

ಶನಿವಾರ ಚರ್ಚಿನ ಅಂಗಳದಲ್ಲಿ ಹೆಂಗಸರ ಪ್ರಾರ್ಥನಾಕೂಟ. ಎಂದೂ ಅರ್ಧ ಬೆಂಚು ತುಂಬದ ಕೂಟಕ್ಕೆ ಆ ದಿನ ಗಂಡಸರೂ ಬಂದರು. ಎಲ್ಲರೂ ಕತ್ತೆತ್ತಿ ಸದ್ದಿಲ್ಲದೆ ನಿಂತರು. ಯಾರೋ ಸೀನಿದಾಗ ಬೇಕರಿಯಮ್ಮ ಕಣ್ಣಲ್ಲೇ ಗದರಿದಳು. ಕೊನೆಗೆ ಪಾದ್ರಿಗಳು ಬಂದರು.

"ಬೆಳಿಗ್ಗೆಯಿಂದ ಹೀಗೇ ಇದಾರೆ ಅಯ್ಯನವರೇ" ಎಂದು ಬೇಕರಿಯಮ್ಮ ಪಿಸುಗುಟ್ಟಿದಳು. "ನೀರಿಲ್ಲ, ನೆರಳಿಲ್ಲ."

"ಆ ಸ್ವಂತಪ್ಪನಾ?" ಪಾದ್ರಿಗಳು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಎಷ್ಟೋ ವರ್ಷ ಪ್ರಸಂಗ ಮಾಡಿದವರಿಗೆ, ತಮ್ಮ ಪ್ರಸಂಗ ಯಾರಿಗಾದರೂ ತಟ್ಟಿದೆಯೆಂದು ಕಂಡರೆ ಆಗುವ ಸಂತೋಷ ಬೇರೆ. "ಭಾನುವಾರದ ಮಾತು ಹೃದಯಕ್ಕೆ ಇಳಿದಿದೆ. ಯಾರೂ ಕರೀಬೇಡಿ. ಅವರಾಗಿ ಇಳಿಯೋ ತನಕ ನಾವೂ ಇಲ್ಲೇ ಇರೋಣ."

ಹೀಗೆ ಅವನು ಇಳಿಯಲೆಂದು ಇವರು ಕಾದರು, ಇವರು ಹೋಗಲೆಂದು ಅವನು ಕಾದ.

ಮಂಡಿ ಸುಡುತ್ತಿತ್ತು. ನಾಲಿಗೆ ಹಳೆಯ ಬಟ್ಟೆಯ ಚೂರಿನಂತೆ ಒಣಗಿತ್ತು. ಒಂದು ಕಾಗೆ ಬಂದು ಪಕ್ಕದಲ್ಲಿ ಕೂತು, ಇವನನ್ನು ಒಂದು ಕಣ್ಣಿಂದ ನೋಡಿ, ಇನ್ನೊಂದು ಕಣ್ಣಿಂದಲೂ ನೋಡಿ, ಬೇಕಾದಾಗ ಹಾರಿಹೋಯಿತು. ಆ ಕಾಗೆಯ ಮೇಲೆ ದರ್ಜಿಗೆ ಬಂದಷ್ಟು ಹೊಟ್ಟೆಕಿಚ್ಚು ಇನ್ನೊಬ್ಬ ದರ್ಜಿಯ ಮೇಲೂ ಬಂದಿರಲಿಲ್ಲ. ಅದು ಯಾರನ್ನೂ ಕೇಳಿಕೊಳ್ಳಬೇಕಾಗಿರಲಿಲ್ಲ, ನಿಜ. ಆದರೆ ಅದಕ್ಕೆ ರೆಕ್ಕೆ ಕೊಟ್ಟವನು ಬೇರೆ. ಈ ಯೋಚನೆ ಬಂದದ್ದೇ ದರ್ಜಿ ಒಂದು ಕೈಯನ್ನು ಕಣ್ಣ ಮುಂದೆ ತಂದುಕೊಂಡ. ತನ್ನ ಕತ್ತರಿ ಹಿಡಿಯುವ ಬೆರಳು, ದಾರ ಪೋಣಿಸುವ ಕಣ್ಣು, ಇವನ್ನು ತಾನು ಯಾವ ಅಂಗಡಿಯಲ್ಲಿ ಹೊಲಿದುಕೊಂಡಿದ್ದ?

'ಸ್ವಾಮಿ' ಎಂದ ಒಳಗೊಳಗೇ. 'ಬೆಳಿಗ್ಗೆ ಸುಳ್ಳು ಹೇಳಿದೆ. ಈಗ ನಿಜವಾಗ್ಲೂ ಮಾಡ್ತಿದೀನಿ. ನನ್ನ ಕೈಲಿ ಆಗಲ್ಲ.' ಮುಂದೆ ಏನು ಹೇಳಬೇಕೆಂದು ತೋಚಲಿಲ್ಲ. ಗಮನಕ್ಕೆ ತರಲು ಒಂದು ಕೆಲಸವೂ ಕೈಯಲ್ಲಿ ಇಲ್ಲದೆ ಅವನು ದೇವರ ಮುಂದೆ ನಿಂತದ್ದು ಅದೇ ಮೊದಲು. ವಿಚಿತ್ರವೆಂದರೆ, ಎದೆ ಹಗುರವಾಯಿತು. ನಾಚಿಕೆಯ ಗಂಟೂ ಸ್ವಲ್ಪ ಸಡಿಲವಾಯಿತು. ಅವನು ಅಂಗಳದ ಕಡೆ ತಿರುಗಿ, ಇದ್ದಬದ್ದ ಶಕ್ತಿ ಕೂಡಿಸಿ ಕೂಗಿದ:

"ಕೇಳಿಸ್ಕೊಳ್ಳಿ. ನಾನು ತುಂಬ ಮೇಲೆ ಹತ್ತಿಬಿಟ್ಟಿದೀನಿ. ನಾನಾಗಿ ಇಳಿಯೋಕೆ ಆಗ್ತಿಲ್ಲ. ದಯವಿಟ್ಟು ನನ್ನನ್ನ ಕೆಳಗಿಳಿಸಿ."

ಅಂಗಳದಿಂದ ಒಂದೇ ಧ್ವನಿಯಲ್ಲಿ ಉತ್ತರ ಬಂತು:

"ಆಮೆನ್."

ಬೇಕರಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಂಥ ಮಾತು. ತುಂಬ ಮೇಲೆ ಹತ್ತಿಬಿಟ್ಟಿದೀನಿ ಅಂತೆ. ನಾವೆಲ್ಲ ಹತ್ತಿರೋದೇ ಹಾಗಲ್ವಾ?"

"ಅಯ್ಯೋ, ಪ್ರಾರ್ಥನೆ ಅಲ್ಲ" ಎಂದು ದರ್ಜಿ ಗಂಟಲು ಹರಿದುಕೊಂಡ. "ಏಣಿ. ನನಗೆ ಏಣಿ ಬೇಕು."

"ಏಣಿ" ಎಂದರು ಪಾದ್ರಿಗಳು ಸಭೆಯ ಕಡೆ ತಿರುಗಿ. "ಬೈಬಲಿನಲ್ಲಿ ಕಲ್ಲನ್ನೇ ತಲೆದಿಂಬು ಮಾಡಿಕೊಂಡು ಮಲಗಿದವನು ಕನಸಲ್ಲಿ ಕಂಡನಲ್ಲ, ಭೂಮಿಗೂ ಆಕಾಶಕ್ಕೂ ನಡುವಿನ ಏಣಿ, ಅದನ್ನ ಕೇಳ್ತಿದಾರೆ."

"ಆ ಏಣಿ ಅಲ್ಲ ಅಯ್ಯನವರೇ. ಮರದ ಏಣಿ. ಮರದ್ದು."

"ಕೇಳಿದಿರಾ? ಮರದ್ದಂತೆ. ಶಿಲುಬೆಯೂ ಮರದ್ದೇ." ಪಾದ್ರಿಗಳು ಅಷ್ಟು ಹೇಳಿ ಅಲ್ಲೇ ಮೊಣಕಾಲೂರಿದರು. ಅವರ ಹಿಂದೆ ಅಂಗಳಕ್ಕೆ ಅಂಗಳವೇ ಮೊಣಕಾಲೂರಿ ಕಣ್ಣು ಮುಚ್ಚಿತು. ಈಗ ದರ್ಜಿ ಕೈ ಬೀಸಿದರೂ ನೋಡುವ ಕಣ್ಣಿರಲಿಲ್ಲ.

ಆ ಹೊತ್ತಿಗೆ ಅವನ ಹೆಂಡತಿ ಊಟದ ಡಬ್ಬಿ ಹಿಡಿದುಕೊಂಡು, ಅಂಗಡಿಯಲ್ಲಿ ಕಾಣದ ಗಂಡನನ್ನು ಹುಡುಕುತ್ತ ಅಲ್ಲಿಗೆ ಬಂದಳು. ಮಂಡಿಯೂರಿದವರನ್ನು ನೋಡಿದಳು. ಮಾಡಿನ ಮೇಲಿದ್ದವನನ್ನು ನೋಡಿದಳು.

"ಏನಾಗಿದೆ ಇವರಿಗೆ?"

"ಶ್" ಎಂದಳು ಬೇಕರಿಯಮ್ಮ. "ಪ್ರಾರ್ಥನೆ ಮಾಡ್ತಿದಾರೆ. ತನ್ನ ಕೈಲಿ ಏನೂ ಆಗಲ್ಲ ಅಂತ ಒಪ್ಕೊಂಡ್ರು."

"ಯಾರು, ನಮ್ಮನೆಯವರಾ? ಹಾಗಾದ್ರೆ ಅದು ಪ್ರಾರ್ಥನೆ ಅಲ್ಲ. ಮನೇಲಿ ಇವರು ಪ್ರಾರ್ಥನೆ ಮಾಡೋದನ್ನ ನಾನು ದಿನಾ ಕೇಳ್ತೀನಿ, ದೇವರಿಗೇ ಬುದ್ಧಿ ಹೇಳ್ತಿರ್ತಾರೆ. ಏನೋ ಎಡವಟ್ಟಾಗಿದೆ." ಅವಳು ಮೊಣಕಾಲೂರಿದವರನ್ನು ದಾಟಿಕೊಂಡು ಗೋಡೆಯ ಬುಡಕ್ಕೆ ಹೋಗಿ ಕತ್ತೆತ್ತಿದಳು. "ರೀ, ಹತ್ತಿದ ಏಣಿ ಎಲ್ರೀ?"

"ಗಂಟೆಯಜ್ಜ ಒಳಗಿಟ್ಟು ಬೀಗ ಹಾಕ್ಕೊಂಡು ಹೋದ."

"ಕೂಗಬಾರದಿತ್ತಾ?"

ದರ್ಜಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. ಅವಳಿಗೆ ಉತ್ತರ ಬೇಕಾಗಿರಲಿಲ್ಲ. ಹಿಂದಿನ ವರ್ಷ ಅರ್ಧ ಕುಡಿದಿಟ್ಟ ಲೋಟವನ್ನು ತೊಳೆದಿಟ್ಟವಳು ಅವಳೇ.

"ಊರಲ್ಲಿ ಇಷ್ಟು ಉದ್ದದ ಏಣಿ ಇನ್ನೊಂದೇ ಇರೋದು" ಎಂದಳು ಮೆಲ್ಲಗೆ. "ಯಾರ ಹತ್ರ ಅಂತ ನಿಮಗೂ ಗೊತ್ತು. ಕರೀಲಾ?"

ದರ್ಜಿ ಆಕಾಶ ನೋಡಿದ, ಹೆಂಚು ನೋಡಿದ, ತನ್ನ ಸುಟ್ಟ ಅಂಗೈ ನೋಡಿಕೊಂಡ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನಬಹುದು. ಆದರೆ ಬೀಳುವುದಕ್ಕೂ ಆಗದೆ ಮೇಲೇ ಉಳಿದ ಜಟ್ಟಿ ಏನೆನ್ನಬೇಕು?

"ಕರಿ."

"ಏನಂದ್ರಿ? ಕೇಳಿಸ್ಲಿಲ್ಲ."

ಅವಳಿಗೆ ಚೆನ್ನಾಗಿ ಕೇಳಿಸಿತ್ತು. ಒಂದು ವರ್ಷ ಕಾದ ಮಾತನ್ನು ಒಂದೇ ಸಲ ಕೇಳಿ ಬಿಡಲು ಮನಸ್ಸಾಗಲಿಲ್ಲ, ಅಷ್ಟೆ.

"ಕರಿ ಮಾರಾಯ್ತಿ. ಅವನಿಲ್ಲದೆ ನನ್ನ ಕೈಲಿ ಆಗಲ್ಲ ಅಂತ ಹೇಳಿ ಕರ್ಕೊಂಡು ಬಾ."

ಭಾಮೈದ ಬಂದ. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಏಣಿ ಒರಗಿಸಿ, ಬುಡ ಅಲುಗಿಸಿ ನೋಡಿ, ಬೆಕ್ಕಿನಂತೆ ಹತ್ತಿ ಮೇಲೆ ಬಂದ. ಸೊಂಟದಲ್ಲಿ ಕಟ್ಟಿಕೊಂಡಿದ್ದ ನೀರಿನ ಬಾಟಲಿ ಬಿಚ್ಚಿ ಕೊಟ್ಟ. ದರ್ಜಿ ಒಂದೇ ಗುಟುಕಿಗೆ ಅರ್ಧ ಖಾಲಿ ಮಾಡಿದ.

"ಯಾವ ಹೆಂಚು ಬದಲಾಯಿಸಿದ್ರಿ ಭಾವ?"

ದರ್ಜಿ ತೋರಿಸಿದ. ಭಾಮೈದ ಬಗ್ಗಿ ನೋಡಿದ.

"ಇದು ಚೆನ್ನಾಗೇ ಇತ್ತು."

"ಮತ್ತೆ ಒಡೆದದ್ದು?"

"ಬೆಳಿಗ್ಗೆಯಿಂದ ನೀವು ಯಾವುದರ ಮೇಲೆ ಮಂಡಿಯೂರಿದೀರೋ ಅದು. ಈಗ ಅದರ ಪಕ್ಕದ್ದೂ ಒಡೆದಿದೆ."

ಇಬ್ಬರೂ ಬಗ್ಗಿ ಆ ಎರಡು ಹೆಂಚುಗಳನ್ನು ನೋಡಿದರು. ಮೊದಲು ನಗು ಬಂದದ್ದು ದರ್ಜಿಗೆ. ಹೊಟ್ಟೆ ಹಿಡಿದುಕೊಂಡು ನಗುವಾಗ ಅವನು ಜಾರಿದ. ಭಾಮೈದ ಅವನ ಕೊರಳ ಟೇಪನ್ನೂ ಅಂಗಿಯ ಕಾಲರನ್ನೂ ಒಟ್ಟಿಗೆ ಹಿಡಿದು ನಿಲ್ಲಿಸಿದ. ಹಿಡಿದ ಕೈಯನ್ನು ದರ್ಜಿ ಬಿಡಿಸಿಕೊಳ್ಳಲಿಲ್ಲ.

"ಹೋದ ವರ್ಷ ಅಂಗಡಿಯ ಮಾಡು ಮಾಡಿಕೊಟ್ಟೆಯಲ್ಲ" ಎಂದ. "ಅದಾದ ಮೇಲೆ ಒಂದು ಹನಿ ಸೋರಿಲ್ಲ. ಹೇಳಬೇಕು ಅಂತಿದ್ದೆ."

"ಗೊತ್ತು ಭಾವ. ಮಳೆ ಬಂದಾಗೆಲ್ಲ ಆ ಕಡೆ ಬಂದು ನೋಡ್ಕೊಂಡು ಹೋಗ್ತಿದ್ದೆ."

ಮುರಿದ ಹೆಂಚುಗಳನ್ನು ಭಾಮೈದ ತೆಗೆದ. ಏಣಿಯ ಜೊತೆ ಅವನು ಹೊತ್ತು ತಂದಿದ್ದ ಹೊಸವನ್ನು ದರ್ಜಿ ಎತ್ತಿಕೊಟ್ಟ, 'ಹೀಗಿಡು' ಎಂದು ಹೇಳಲು ಬಂದ ಮಾತನ್ನು ನುಂಗಿಕೊಂಡ. ಆಮೇಲೆ ಇಬ್ಬರೂ ಇಳಿದರು.

ಕಾಲು ನೆಲ ಮುಟ್ಟಿದ್ದೇ ದರ್ಜಿ ಎಲ್ಲರ ಮುಂದೆ ಕೈಮುಗಿದು ನಿಂತ. ಇನ್ನು ಮುಚ್ಚಿಡುವುದು ಬೇಡವೆಂದು ತೀರ್ಮಾನಿಸಿದ್ದ.

"ನೀವೆಲ್ಲ ತಪ್ಪು ತಿಳ್ಕೊಂಡಿದೀರಿ. ನಾನು ಭಕ್ತ ಅಲ್ಲ, ಏನೂ ಅಲ್ಲ. ಜಂಬಕ್ಕೆ ಬಿದ್ದು ಒಬ್ಬನೇ ಹತ್ತಿದೆ. ಏಣಿ ಹೋಯ್ತು ಅಂತ ಹೇಳೋಕೆ ನಾಚಿಕೆಯಾಗಿ ಪ್ರಾರ್ಥನೆ ಅಂತ ಸುಳ್ಳು ಹೇಳಿದೆ. ಒಳ್ಳೆ ಹೆಂಚು ತೆಗೆದು ಕೆಟ್ಟ ಹೆಂಚಿನ ಮೇಲೆ ಕೂತಿದ್ದೆ."

ಪಾದ್ರಿಗಳು ಮುಂದೆ ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ನೋಡಿ" ಎಂದರು ಜನರ ಕಡೆ ತಿರುಗಿ. "ನಾನು ಭಾನುವಾರ ಗಂಟೆಗಟ್ಟಲೆ ಹೇಳಿದ್ದು ಇದನ್ನೇ. ಇವರಿಗೆ ಹೊಗಳಿಕೆ ಬೇಡ."

"ಹೊಗಳಿಕೆ ಅಲ್ಲ ಅಯ್ಯನವರೇ, ನಿಜವಾಗ್ಲೂ ಸುಳ್ಳು ಹೇಳಿದೆ."

"ಎಂಥ ವಿನಯ" ಎಂದಳು ಬೇಕರಿಯಮ್ಮ.

ದರ್ಜಿ ನಿರಾಕರಿಸಿದಷ್ಟೂ ಅವನ ವಿನಯ ಉಬ್ಬುವ ಹಿಟ್ಟಿನಂತೆ ದೊಡ್ಡದಾಗುತ್ತ ಹೋಯಿತು. ಹೆಂಡತಿ ನಡೆದದ್ದನ್ನು ನಡೆದಂತೆ ಬಿಡಿಸಿ ಹೇಳಿದಳು. ಗಂಡನಂತೆಯೇ ಹೆಂಡತಿ, ಎಷ್ಟು ಸರಳ ಎಂದರು. ಮೇಲಾಗಿ ಕಣ್ಣೆದುರಿನ ಸಾಕ್ಷಿ ಬೇರೆ: ಏಣಿ ಬೇಕೆಂದು ಬೇಡಿಕೊಂಡ, ಏಣಿ ಬಂತು. ಈ ಊರಿನಲ್ಲಿ ಯಾರ ಪ್ರಾರ್ಥನೆಗೆ ಇಷ್ಟು ಬೇಗ ಉತ್ತರ ಸಿಕ್ಕಿತ್ತು?

ಸಂಜೆ ಅವನು ಅಂಗಡಿಯಲ್ಲಿ ಕೂತು ಹೊಲಿಗೆಯಂತ್ರದ ಪೆಡಲಿಗೆ ಕಾಲಿಡುವ ಮೊದಲೇ ಬಾಗಿಲಲ್ಲಿ ಸಾಲು ನಿಂತಿತ್ತು. ಯಾರ ಕೈಯಲ್ಲೂ ಬಟ್ಟೆ ಇರಲಿಲ್ಲ. ಬೇಕರಿಯಮ್ಮನ ಮಗ ಹಡಗಿನ ಕೆಲಸಕ್ಕೆ ಹೋದವನು ಫೋನು ಮಾಡದೆ ಬಹಳ ದಿನವಾಗಿತ್ತಂತೆ. ಅವಳ ಧ್ವನಿಯಲ್ಲಿ ಆಗ ಸುದ್ದಿಯ ಹಬೆ ಇರಲಿಲ್ಲ. ಪಾದ್ರಿಗಳೂ ಬಂದಿದ್ದರು, ತಮ್ಮ ಮಂಡಿನೋವಿಗಾಗಿ.

"ನಿಮಗಿಂತ ನಾನು ಪ್ರಾರ್ಥನೆ ಮಾಡೋದಾ ಅಯ್ಯನವರೇ?" ಎಂದ ದರ್ಜಿ ಗಾಬರಿಯಾಗಿ. "ಆಯ್ತು, ಎಲ್ಲರೂ ಸೇರಿ ಇಲ್ಲೇ ಮಾಡೋಣ. ಬನ್ನಿ, ಕೂತ್ಕೊಳ್ಳಿ."

ಸಾಲಿನಲ್ಲಿ ಗುಸುಗುಸು ಎದ್ದಿತು. ಕೊನೆಗೆ ಬೇಕರಿಯಮ್ಮ ಎಲ್ಲರ ಪರವಾಗಿ ಹೇಳಿದಳು. "ಇಲ್ಲಿಂದ ಬೇಡ. ಅಲ್ಲಿಂದಲೇ ಆಗಬೇಕು."

"ಎಲ್ಲಿಂದ?"

ಅವಳು ಬೆರಳು ತೋರಿಸಿದ ಕಡೆ ಚರ್ಚಿನ ಮಾಡು ಸಂಜೆಯ ಬಿಸಿಲಿಗೆ ಕೆಂಪಾಗಿತ್ತು.

"ಸಾಧ್ಯವಿಲ್ಲ" ಎಂದ ದರ್ಜಿ. "ದೇವರಿಗೆ ಕೆಳಗಿಂದಲೂ ಕೇಳುತ್ತೆ. ಪ್ರಾಣ ಹೋದ್ರೂ ನಾನು ಇನ್ನೊಂದು ಸಲ ಹತ್ತಲ್ಲ."

ಆಗ ಸಾಲಿನ ಹಿಂದಿನಿಂದ ಭಾಮೈದ ಮುಂದೆ ಬಂದ. ಹೆಗಲ ಮೇಲೆ ಏಣಿ ಇತ್ತು. ಇವನಾದರೂ ಇವರಿಗೆ ಬುದ್ಧಿ ಹೇಳುತ್ತಾನೆಂದು ದರ್ಜಿ ಆಸೆಯಿಂದ ನೋಡಿದ. ಭಾಮೈದ ಏಣಿಯನ್ನು ಕೆಳಗಿಳಿಸಿ, ಬಹಳ ಹೊತ್ತು ಅದರ ಮೆಟ್ಟಿಲನ್ನೇ ಉಗುರಿನಿಂದ ಕೆರೆಯುತ್ತ ನಿಂತ.

"ಭಾವ, ನಿಮಗೆ ಹೇಳಿರಲಿಲ್ಲ. ಮಾತು ಬಿಟ್ಟಿತ್ತಲ್ಲ. ನನ್ನ ಹೆಂಡತಿಗೆ ಈಗ ಹೆರಿಗೆಯ ದಿನ ಹತ್ರ ಬಂದಿದೆ. ಹೋದ ಸಲ ಮಗು ಉಳೀಲಿಲ್ಲ." ಅವನು ತಲೆಯೆತ್ತಲಿಲ್ಲ. "ಕೆಳಗಿಂದ ನಾನೂ ದಿನಾ ಕೇಳ್ಕೊಳ್ತಿದೀನಿ. ನೀವೂ ಒಂದು ಮಾತು ಹೇಳಿದ್ರೆ..."

ದರ್ಜಿ ಸಾಲಿನ ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಿದ. ಅವಳ ಕಣ್ಣಲ್ಲಿ ನೀರಿತ್ತು. ತಮ್ಮನ ಮನೆಯ ಆ ದುಃಖವನ್ನು ಅವಳು ಒಬ್ಬಳೇ ಹೊತ್ತಿದ್ದಳೆಂದು ಅವನಿಗೆ ಆಗ ತಿಳಿಯಿತು. ಅವನು ಎದ್ದು ಚಪ್ಪಲಿ ಮೆಟ್ಟಿದ.

ಹೀಗೆ, ಕೆಳಗಿಳಿಸಿ ಎಂದು ಗಂಟಲು ಹರಿದುಕೊಂಡಿದ್ದ ಮನುಷ್ಯನನ್ನು ಅದೇ ಜನ ಅದೇ ದಿನ ಮೆರವಣಿಗೆಯಲ್ಲಿ ಕರೆದುಕೊಂಡು ಹೋಗಿ ಮತ್ತೆ ಮಾಡಿನ ಮೇಲೆ ಹತ್ತಿಸಿದರು. ಹೆಂಚು ಈಗ ತಣ್ಣಗಿತ್ತು. ದರ್ಜಿ ಮಂಡಿಯೂರಿದ. ದೊಡ್ಡ ಮಾತುಗಳು ಒಂದೂ ಬರಲಿಲ್ಲ. ಹಡಗಿನ ಹುಡುಗನನ್ನು ಹೇಳಿದ, ಪಾದ್ರಿಗಳ ಮಂಡಿಯನ್ನು ಹೇಳಿದ, ಭಾಮೈದನ ಹೆಂಡತಿಯನ್ನೂ ಇನ್ನೂ ಹುಟ್ಟದ ಕೂಸನ್ನೂ ಎರಡು ಸಲ ಹೇಳಿದ. "ನಮಗ್ಯಾರಿಗೂ ಏನೂ ಮಾಡೋಕೆ ಬರಲ್ಲ ಸ್ವಾಮಿ, ನೀನೇ ನೋಡ್ಕೋ" ಎಂದು ಮುಗಿಸಿದ. ಕೆಳಗಿನಿಂದ ಆಮೆನ್ ಕೇಳಿಸಿತು. ಗಾಳಿ ತಂಪಾಗಿ ಬೀಸುತ್ತಿತ್ತು. ಇಷ್ಟು ಎತ್ತರದಲ್ಲಿ ತನಗೆ ಇಷ್ಟು ನೆಮ್ಮದಿಯಾಗುತ್ತದೆಂದು ಯಾರಾದರೂ ಬೆಳಿಗ್ಗೆ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ.

"ಸ್ವಂತಪ್ಪನವರೇ" ಎಂದು ಪಾದ್ರಿಗಳು ಕೆಳಗಿನಿಂದ ಸಂತೋಷವಾಗಿ ಕೂಗಿದರು. "ಇನ್ನು ಮೇಲೆ ಪ್ರತಿ ಶನಿವಾರ ಇಟ್ಕೊಳ್ಳೋಣ. ಪಕ್ಕದ ಊರಿನ ಚರ್ಚಿನವರೂ ಆಗಲೇ ಫೋನು ಮಾಡಿದ್ರು, ಅಲ್ಲಿಗೂ ನೀವು ಬರಬೇಕಂತೆ."

"ಅವರದು ಹೆಂಚಿನ ಮಾಡಲ್ಲ" ಎಂದು ಬೇಕರಿಯಮ್ಮ ಹೆಮ್ಮೆಯಿಂದ ಸೇರಿಸಿದಳು. "ಗೋಪುರ. ಇದರ ಎರಡರಷ್ಟು ಎತ್ತರ."

ದರ್ಜಿ ಗಬಕ್ಕನೆ ಎರಡೂ ಕೈಗಳಿಂದ ಹೆಂಚು ಹಿಡಿದುಕೊಂಡ. ಅವನು ಅಂಚಿಗೆ ಸರಿದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಒಂದು ಕಾಲನ್ನು ಗಾಳಿಯಲ್ಲಿ ಇಳಿಬಿಟ್ಟ. ಕೆಳಗೆ ಏಣಿಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದ ಭಾಮೈದ ಹೇಳಿದ:

"ಇನ್ನೂ ಸ್ವಲ್ಪ ಎಡಕ್ಕೆ ಭಾವ. ಹಾಂ, ಅಲ್ಲೇ. ಇಡಿ."

ದರ್ಜಿ ಅಲ್ಲೇ ಇಟ್ಟ.